ಪಂಪು ಹೋಗಿದೆ ಅಂತೆ

"ಪಂಪು ಹೋಗಿದೆ ಅಂತೆ," ಅಂದ ಚಿಕ್ಕಣ್ಣ, ಬೆಂಚಿನ ಮೇಲೆ ಕುಸಿದು ಕೂರುತ್ತಾ.

"ಎಲ್ಲಿಗೆ?" ಅಂದರು ಸಿದ್ದಣ್ಣ, ಪೇಪರಿನಿಂದ ತಲೆ ಎತ್ತದೆ.

"ತಮಾಷೆ ಬೇಡ ಕಣಣ್ಣ. ನಮ್ಮ ಹಳೇ ಎಚ್‌ಎಂಟಿ ಟ್ರ್ಯಾಕ್ಟರು. ಬೆಳಗ್ಗೆ ಒಂದೇ ಸಲ ಸೆಲ್ಫ್ ಹೊಡೆದ್ರೆ ಸ್ಟಾರ್ಟು. ಅರ್ಧ ಗಂಟೆ ಚೆನ್ನಾಗಿ ಉಳ್ತದೆ, ಆಮೇಲೆ ಉಸಿರು ಕಟ್ಟಿದಂಗಾಗಿ ನಿಂತೋಗ್ತದೆ. ಸ್ವಲ್ಪ ಹೊತ್ತು ಬಿಟ್ರೆ ಮತ್ತೆ ಸ್ಟಾರ್ಟು. ರವಿ ಮೊಬೈಲಲ್ಲಿ ನೋಡ್ದ, ಇಂಜಿನ್ನಿಗೆ ಡೀಸೆಲ್ ಒತ್ತೋ ಪಂಪೇ ಅಂತೆ."

"ಮೂರು ವಿಡಿಯೋ ನೋಡಿದೆ," ಅಂದ ರವಿ. "ಮೂರರಲ್ಲೂ ಪಂಪೇ."

"ಆ ಮೂವರೂ ಮಾರೋದೇನು?"

"ಪಂಪ್ ಕಿಟ್ಟು."

"ಸರಿಹೋಯ್ತು. ಕೂದಲೆಣ್ಣೆ ಮಾರೋನ ಕಣ್ಣಿಗೆ ಊರೆಲ್ಲ ಬೋಳುತಲೆ." ಸಿದ್ದಣ್ಣ ಪೇಪರು ಮಡಚಿದರು. "ಮೊದಲು ಗಾಡಿ ನಿಂತ್ರೆ ಬಾನೆಟ್ ಎತ್ತುತಿದ್ರು. ಈಗ ಮೊಬೈಲ್ ಎತ್ತುತಾರೆ. ಹೊಗೆ ಜಾಸ್ತಿ, ಪಂಪು. ಹೊಗೆ ಇಲ್ಲ, ಪಂಪು. ಬ್ಯಾಟರಿ ಡೌನು, ಅದಕ್ಕೂ ಪಂಪು."

"ಈ ಹೋಟ್ಲು ಟೀಗೂ ಅದೇ ಆಗಿರಬೇಕು," ಅಂದರು ಮೇಷ್ಟ್ರು, ಲೋಟದೊಳಗೆ ಇಣುಕುತ್ತಾ.

ರವಿ ಬಿಡಲಿಲ್ಲ. "ಬಿಸಿಯಾದಾಗ ನಿಲ್ತದೆ, ತಣ್ಣಗಾದ್ರೆ ಹೊರಡ್ತದೆ. ಎಲಿಮೆಂಟ್, ಅಂದ್ರೆ ಪಂಪಿನೊಳಗೆ ಡೀಸೆಲ್ ಒತ್ತೋ ಜೋಡಿ, ಸವೆದಿದ್ರೆ ಹಂಗೇ ಆಗೋದು ಅಂತ ಹೇಳವ್ರೆ. ಬಿಚ್ಚಿಬಿಡಾಣ ಅಣ್ಣ, ನಾಕೇ ಬೋಲ್ಟು."

"ಬಿಚ್ಚೋಕೆ ನಾಕೇ. ಒಳಗೆ ಒತ್ತೋ ಪ್ಲಂಜರಿಗೂ ಅದು ಆಡೋ ಬ್ಯಾರೆಲಿಗೂ ಮಧ್ಯೆ ಇರೋ ಸಂದು ಎರಡು ಮೂರು ಮೈಕ್ರಾನ್. ನಿನ್ನ ತಲೆಕೂದಲು ಒಂದು 70 ಮೈಕ್ರಾನ್ ದಪ್ಪ. ಒಂದಕ್ಕೊಂದು ಉಜ್ಜಿ ಜೋಡಿ ಮಾಡಿರ್ತಾರೆ. ಒಂದನೇ ಪ್ಲಂಜರು ಎರಡನೇ ಬ್ಯಾರೆಲಿಗೆ ಹಾಕಿದೆ ಅಂದ್ರೆ ಎರಡೂ ತಿಪ್ಪೆಗೆ. ನೀನು ಅದನ್ನ ಹುಣಸೆಮರದ ಕೆಳಗೆ ಗೋಣಿಚೀಲದ ಮೇಲೆ ಬಿಚ್ತೀಯ?"

"ಗೋಣಿ ಒದರಿ ಹಾಸ್ತೀನಿ."

ಮೇಷ್ಟ್ರು ಕೆಮ್ಮಿದರು. "ಆದ್ರೂ ಸಿದ್ದಣ್ಣ, ಹುಡುಗ ಹೇಳಿದ್ದರಲ್ಲಿ ಪಾಯಿಂಟ್ ಇಲ್ವೇ? ಬಿಸಿಗೆ ನಿಲ್ಲೋದು?"

"ಇದೆ ಮೇಷ್ಟ್ರೇ. ಎಲಿಮೆಂಟ್ ಸವೆದಾಗ ಬಿಸಿ ಡೀಸೆಲ್ ತೆಳ್ಳಗಾಗಿ ಸಂದಲ್ಲೇ ಜಾರ್ತದೆ, ಇಂಜಿನ್ನೊಳಗೆ ಡೀಸೆಲ್ ಚಿಮ್ಮೋ ನಾಜಲ್ಲಿಗೆ ಬೇಕಾದ ಒತ್ತಡ ಏರೋದಿಲ್ಲ. ಅದನ್ನ ನೋಡೋಕೆ ಬಿಚ್ಚಬೇಕಾಗಿಲ್ಲ. ಬಿಸಿಗೆ ನಿಂತು ಸ್ಟಾರ್ಟ್ ಆಗದೇ ಇದ್ದಾಗ, ಇಂಜಿನ್ ಆಫ್ ಇರೋವಾಗಲೇ, ಒದ್ದೆ ಬಟ್ಟೆ ಪಂಪಿನ ಮೇಲೆ ಹೊದಿಸಿ ಕಾಯೋದು. ಪಂಪ್ ಒಂದೇ ತಣ್ಣಗಾಗಿ ಗಾಡಿ ಹೊರಟರೆ, ಆಗ ಅನುಮಾನ ಪಡು. ಓಡ್ತಿರೋ ಪಂಪಿಗೆ ತಣ್ಣೀರು ಸುರಿದರೆ ಅಲ್ಲೇ ಹಿಡ್ಕೊಳ್ತದೆ. ಆ ಮೂವರು ಇದನ್ನ ಹೇಳಿದ್ರಾ?"

"ಕೊನೇಗೆ ಸಬ್‌ಸ್ಕ್ರೈಬ್ ಆಗಿ ಅಂದ್ರು."

ಚಿಕ್ಕಣ್ಣ ನರಳಿದ. "ನನ್ನ ಗಾಡಿಗೆ ಏನು ಮಾಡಲಿ ಅದು ಹೇಳಿ."

"ನಿಂತ ತಕ್ಷಣ ಸೈಲೆನ್ಸರ್ ನೋಡು. ಸೆಲ್ಫ್ ಹೊಡೆದರೆ ಬಿಳಿ ಹೊಗೆ ಬಂತಾ? ಹಂಗಾದ್ರೆ ಡೀಸೆಲ್ ಹೋಗ್ತಿದೆ, ಉರೀತಿಲ್ಲ. ಏನೂ ಹೊಗೆ ಇಲ್ವಾ? ಡೀಸೆಲ್ಲೇ ಹೋಗ್ತಿಲ್ಲ."

"ಏನೂ ಬರಲ್ಲ."

"ಇಂಜಿನ್ ಆಫ್ ಮಾಡೋ ಸ್ಟಾಪ್ ವೈರು ನೋಡಿದೆಯಾ? ಎಳೆದ ಗುಂಡಿ ಪೂರ್ತಿ ವಾಪಸ್ ಹೋಗದೆ ಅರ್ಧಕ್ಕೆ ಸಿಕ್ಕೊಂಡ್ರೆ, ದೇವರೇ ಬಂದು ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗಲ್ಲ."

"ನೋಡಿದೆ. ಸರಿ ಇದೆ."

"ಹಂಗಾದ್ರೆ ಟ್ಯಾಂಕಿನಿಂದ ಬಾ. ಟ್ಯಾಂಕಿನ ಡೀಸೆಲ್ ಎಳೆಯೋ ಸಣ್ಣ ಫೀಡ್ ಪಂಪಿನ ಮೇಲೆ ಕೈಯಲ್ಲಿ ಹೊಡೆಯೋ ಪ್ರೈಮರ್ ಗುಂಡಿ ಇರ್ತದೆ, ತಿರುಗಿಸಿ ಎಳಿ. ಎಳೆದ ಗುಂಡಿ ತಾನಾಗೇ ಒಳಕ್ಕೆ ಎಳ್ಕೊಂಡ್ರೆ ಟ್ಯಾಂಕಿನ ಕಡೆ ಕಟ್ಟಿದೆ ಅಂತ. ಸಲೀಸಾಗಿ ಆಡಿದರೆ ಫಿಲ್ಟರ್ ಮೇಲಿನ ಏರ್ ಸ್ಕ್ರೂ ಎರಡು ಸುತ್ತು ಬಿಡು, ಗುಂಡಿ ಹೊಡಿ. ನೊರೆ ಬಂದಷ್ಟು ಹೊತ್ತೂ ಒಳಗೆ ಏರ್, ಅಂದ್ರೆ ಗಾಳಿ, ಇದೆ ಅಂತ. ನೊರೆ ನಿಂತು ತುಂಬಿದ ಡೀಸೆಲ್ ಬರ್ತಿರೋವಾಗಲೇ ಟೈಟ್ ಮಾಡು, ನಿಂತ ಮೇಲಲ್ಲ. ಆಮೇಲೆ ಪಂಪಿನ ಸ್ಕ್ರೂ, ಅದೇ ಥರ. ಕೊನೇಗೆ ನಾಜಲ್ ಪೈಪಿನ ನಟ್ಟುಗಳು ಒಂದು ಸುತ್ತು ಸಡಿಲ, ಆಕ್ಸಿಲೇಟರ್ ಫುಲ್ಲು, ಸೆಲ್ಫು. ಬೆರಳು ಮಾತ್ರ ದೂರ ಇರಲಿ. ಗಾಳಿಯ ಒತ್ತಡದ ಇನ್ನೂರು ಪಟ್ಟು, ಚರ್ಮ ತೂರಿ ಒಳಕ್ಕೆ ಹೋಗ್ತದೆ. ಎಲ್ಲ ಆಗಿ, ಪಂಪಿನವರೆಗೆ ಡೀಸೆಲ್ ಚೆನ್ನಾಗಿ ಬಂದೂ ಪೈಪಲ್ಲಿ ಬರದೇ ಇದ್ರೆ, ಆಗ ಪಂಪಿನ ಹೆಸರು ಎತ್ತು."

"ಏರ್ ಪದೇಪದೇ ಹಿಡಿದ್ರೆ?"

"ಡೀಸೆಲ್ ಪೈಪ್ ಕೂರಿಸೋ ಬಾಂಜೋ ಬೋಲ್ಟಿನ ತಾಮ್ರದ ವಾಷರ್. ಹತ್ತು ಸಲ ಬಿಚ್ಚಿ ಹಾಕಿದ್ದನ್ನೇ ಹಾಕ್ತೀರ. ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಮತ್ತೆ ಮೆತ್ತಗಾಗ್ತದೆ. ಇಲ್ಲಾಂದ್ರೆ ಹೊಸದು ತಗೋ, ಒಂದು ಟೀ ದುಡ್ಡು. ಆದ್ರೆ ಅದಕ್ಕೆ ಯಾರೂ ವಿಡಿಯೋ ಮಾಡಲ್ಲ."

ರವಿ ಮಾತು ಬದಲಿಸಿದ. "ಪಂಪ್ ಇಳಿಸಿದ್ರೆ ಅಣ್ಣ, ಜೊತೇಲೇ ಡೀಸೆಲ್ ಜಾಸ್ತಿ ಮಾಡಿಸಬಹುದು. ರೀಲ್ಸಲ್ಲಿ ನೋಡಿ, ಕಪ್ಪು ಹೊಗೆ ಹೆಂಗೆ ಬಿಡ್ತವೆ!"

"ಕಪ್ಪು ಹೊಗೆ ಪವರ್ ಅಲ್ಲ ಕಣೋ, ಬೆಂದೂ ಬೇಯದ ಡೀಸೆಲ್ಲು. ಚಿಕ್ಕಣ್ಣನ ದುಡ್ಡು ಆಕಾಶಕ್ಕೆ. ಡೀಸೆಲ್ ಅಳತೆ ಸ್ಕ್ರೂಗೆ ಸೀಲ್ ಹಾಕಿರೋದು ಚೆಂದಕ್ಕಲ್ಲ. ಹಂಗೇ ಓಡಿಸಿದರೆ ಪಿಸ್ಟನ್ ಕಾದು ಕಚ್ಚಿಕೊಳ್ತದೆ. ಆಗ ಹೊಗೆ ಬರೋದು ಗಾಡಿಯಿಂದಲ್ಲ, ಚಿಕ್ಕಣ್ಣನ ತಲೆಯಿಂದ."

"ಪಂಪಿನ ಮೇಲೆ ಮೈಕೋ ಅಂತ ಬಿಲ್ಲೆ ಐತೆ," ಅಂದ ಚಿಕ್ಕಣ್ಣ.

"ಮೈಕೋ ಅಂದ್ರೆ ಬೆಂಗಳೂರಿನ ಲೇಔಟ್ ಅಲ್ವೇನೋ?" ಅಂದರು ಮೇಷ್ಟ್ರು. "ನಮ್ಮ ಮಗ ಇರೋದೇ ಅಲ್ಲಿ."

ಸಿದ್ದಣ್ಣ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಲೇಔಟ್ ಆಮೇಲಿಂದು ಮೇಷ್ಟ್ರೇ. ಮೈಕೋ ಕಂಪನಿ ಶುರುವಾದದ್ದು 1951ರಲ್ಲಿ. ಬೆಂಗಳೂರಲ್ಲಿ ಕಾರ್ಖಾನೆ. ಪಂಪು, ನಾಜಲ್ಲು, ಎಲ್ಲ ಅಲ್ಲಿಂದ. 2008ರಲ್ಲಿ ಹೆಸರು ಬಾಷ್ ಅಂತಾಯ್ತು. ಎಚ್‌ಎಂಟಿ ಟ್ರ್ಯಾಕ್ಟರ್ ಮಾಡೋದೇ ನಿಲ್ಲಿಸಿತು. ಮಾಡಿದೋರೆಲ್ಲ ಎದ್ದು ಹೋದ್ರು, ಮಾಡಿದ ಗಾಡಿ ಇನ್ನೂ ಉಳ್ತಾ ಅದೆ. ಪಂಪ್ ಅಂಗಡೀಲಿ ಪಂಪ್ ಟೆಸ್ಟ್ ಮಾಡೋ ಬೆಂಚ್ ರೂಮಿಗೆ ಚಪ್ಪಲಿ ಬಿಟ್ಟು ಹೋಗ್ತಿದ್ರು ಆಗ, ಧೂಳು ಬರಬಾರದು ಅಂತ. ಈಗ ಕೇಳಿದ್ರೆ, ಇಟ್ಟೋಗಿ, ನೋಡಾಣ ಅಂತಾರೆ. ನೋಡೋರು ಯಾರು ಅಂತ ಹೇಳಲ್ಲ."

ಯಾರೂ ಮಾತಾಡಲಿಲ್ಲ. ಮೇಷ್ಟ್ರೇ ಟೀ ದುಡ್ಡು ಕೊಟ್ಟರು. ಅದು ಅಪರೂಪ.

ಎಲ್ಲರೂ ಎದ್ದು ರಸ್ತೆ ಆಚೆ ಕೆಟ್ಟು ನಿಂತಿದ್ದ ಗಾಡಿ ಹತ್ತಿರ ಹೋದರು. ರವಿ ಪಂಪಿನ ಮುಂದೆ ಕುಕ್ಕರಗಾಲಲ್ಲಿ ಕೂತು ಸ್ಪ್ಯಾನರ್ ತೆಗೆದ. ಸಿದ್ದಣ್ಣ ಟ್ಯಾಂಕಿನ ಕಡೆ ನೋಡಿದರು. ಮುಚ್ಚಳ ಇರಲಿಲ್ಲ. ಬದಲಿಗೆ ಗೊಬ್ಬರದ ಚೀಲದ ದಪ್ಪ ಪ್ಲಾಸ್ಟಿಕ್ಕು, ಸೈಕಲ್ ಟ್ಯೂಬಿನ ರಬ್ಬರಲ್ಲಿ ನಾಲ್ಕು ಸುತ್ತು ಬಿಗಿದದ್ದು. ಮಧ್ಯೆ ಒಳಕ್ಕೆ ಬಟ್ಟಲಿನಂತೆ ತಗ್ಗಿತ್ತು.

"ಇದೇನ್ಲಾ?"

"ಮುಚ್ಚಳ ಕಳೆದೋಯ್ತು ಕಣಣ್ಣ. ಮಳೆ ನೀರು ಹೋಗಬಾರದು ಅಂತ ನಾನೇ ಕಟ್ಟಿದ್ದು. ಭಾರಿ ಗಟ್ಟಿ."

ಸಿದ್ದಣ್ಣ ರಬ್ಬರ್ ಬಿಚ್ಚಿದರು. ಪುಸ್ಸ್ ಅಂತ ಟ್ಯಾಂಕು ಗಾಳಿ ಎಳೆದುಕೊಂಡಿತು.

"ಮುಚ್ಚಳದಲ್ಲಿ ಗಾಳಿಗೆ ಸಣ್ಣ ತೂತು ಇರ್ತದೆ. ಡೀಸೆಲ್ ಹೋದ ಜಾಗಕ್ಕೆ ಗಾಳಿ ಬರದೇ ಇದ್ರೆ ಫೀಡ್ ಪಂಪು ಏನನ್ನ ಎಳೀಬೇಕು? ನಿಲ್ಲಿಸಿದಾಗ ಸಂದುಗೊಂದಲ್ಲಿ ಗಾಳಿ ನುಸುಳ್ತದೆ, ಮತ್ತೆ ಹೊರಡ್ತದೆ. ತೂತು ಇರೋ ಮುಚ್ಚಳ ತಂದು ಹಾಕು."

ಸೆಲ್ಫ್ ಹೊಡೆದರು. ಮೂರು ಸಿಲಿಂಡರೂ ಎದ್ದವು.

ರವಿ ಆಗಲೇ ಮೊಬೈಲು ಹಿಡಿದಿದ್ದ. "ಸಿದ್ದಣ್ಣ, ಆ ಕವರ್ ಇನ್ನೊಂದು ಸಲ ಕಟ್ಟಿ ಬಿಚ್ತೀರಾ? ಪುಸ್ಸ್ ಅನ್ನೋದು ರೆಕಾರ್ಡ್ ಆಗಲಿಲ್ಲ."

"ವಿಡಿಯೋಗೆ ಹೆಸರೇನು ಇಡ್ತೀಯ?"

"ಪಂಪ್ ರಿಪೇರಿ, ಖರ್ಚಿಲ್ಲದೆ."