ತೇಜಸ್ವಿ ಓದಿಯಾಯ್ತು, ಇನ್ನು ಯಾವುದು?

ಹೊಸನಗರದಿಂದ ಒಬ್ಬರು ಕೇಳಿದ್ದು:

ನಮಸ್ಕಾರ. ನನ್ನದು ಬಟ್ಟೆ ಅಂಗಡಿ. ಓದಿದ್ದು ಬಿಕಾಂ. ಹೈಸ್ಕೂಲು ಬಿಟ್ಟ ಮೇಲೆ ವಿಜ್ಞಾನದ ಪುಸ್ತಕ ಮುಟ್ಟಿದವನಲ್ಲ. ಆದರೆ ತೇಜಸ್ವಿಯವರ ‘ಪರಿಸರದ ಕತೆ’, ‘ಕರ್ವಾಲೊ’, ‘ಮಿಸ್ಸಿಂಗ್ ಲಿಂಕ್’ ಎಲ್ಲ ಎರಡೆರಡು ಸಲ ಓದಿದ್ದೇನೆ. ಈಚೆಗೆ ಬಂದ ಪುಸ್ತಕಗಳಲ್ಲಿ ಕಾಡು, ಪ್ರಾಣಿ, ವಿಜ್ಞಾನದ ಬಗ್ಗೆ ನನ್ನಂಥವರಿಗೆ ಅರ್ಥ ಆಗುವಂಥದ್ದು ಯಾವುದಿದೆ? ಇಂಗ್ಲಿಷ್ ನಿಧಾನಕ್ಕೆ ಓದುತ್ತೇನೆ. ಮಗಳು ಎಂಟನೇ ಕ್ಲಾಸು. ಅವಳಿಗೂ ಆಗುವಂತಿದ್ದರೆ ಒಳ್ಳೇದು. ಸುಮ್ನೆ ಪಟ್ಟಿ ಬೇಡ, ಓದಿದವರು ನಿಮ್ಮ ಅನುಭವ ಹೇಳಿ.

ತೀರ್ಥಹಳ್ಳಿ ಕಡೆಯಿಂದ:

ಪಟ್ಟಿ ಬೇಡ ಅಂದಿರಲ್ಲ, ಅದಕ್ಕೇ ಬರೆಯೋಣ ಅನ್ನಿಸಿತು. ನಾನು ಅಡಿಕೆ ಬೆಳೆಗಾರ. ನನ್ನ ಇಂಗ್ಲಿಷೂ ನಿಮ್ಮ ಹಾಗೇ. ಮಗ ಒಮ್ಮೆ ಬೆಂಗಳೂರಿನಿಂದ ಬರುವಾಗ ಮರ್ಲಿನ್ ಶೆಲ್ಡ್ರೇಕ್ ಅವರ ‘ಎಂಟ್ಯಾಂಗಲ್ಡ್ ಲೈಫ್’ ತಂದುಕೊಟ್ಟ. 2020ರಲ್ಲಿ ಬಂದದ್ದು. ಅಣಬೆ, ಬೂಷ್ಟು, ಕಲ್ಲುಹೂವು, ಹೀಗೆ ಪೂರ್ತಿ ಶಿಲೀಂಧ್ರಗಳ ಪುಸ್ತಕ. ಮೊದಲ ತಿಂಗಳು ಇಪ್ಪತ್ತು ಪುಟ ದಾಟಲಿಲ್ಲ. ಆಮೇಲೆ ಮೊದಲಿಂದ ಕೊನೆತನಕ ಓದಬೇಕು ಅನ್ನೋದನ್ನೇ ಬಿಟ್ಟೆ. ನನಗೆ ಗೊತ್ತಿರುವ ಸಂಗತಿ ಇದರಲ್ಲಿ ಎಲ್ಲಿದೆ ಅಂತ ಹುಡುಕಿದೆ. ಗೆದ್ದಲು ಸಿಕ್ಕಿತು.

ನಮ್ಮ ತೋಟದ ಮೇಲಿನ ಬೇಣದಲ್ಲಿ ಒಂದು ಹುತ್ತ ಇದೆ. ಗುಡುಗು ಶುರುವಾಗಿ ನಾಲ್ಕು ಮಳೆ ಬಿದ್ದರೆ ಅದರ ಸುತ್ತ ಅಣಬೆ ಏಳುತ್ತದೆ. ಅಮ್ಮ ಬುಟ್ಟಿ ತುಂಬಾ ಕಿತ್ತು ತಂದು ಸಾರು ಮಾಡುತ್ತಿದ್ದರು. ಗುಡುಗಿಗೇ ಅಣಬೆ ಹುಟ್ಟುತ್ತದೆ ಅಂತ ನಾವೆಲ್ಲ ನಂಬಿದ್ದೆವು. ಪುಸ್ತಕದಲ್ಲಿರುವುದು ಆಫ್ರಿಕಾದ ಗೆದ್ದಲಿನ ಕತೆ. ಈ ಗೆದ್ದಲುಗಳಿಗೆ ಮರದ ನಾರು ಹಾಗೇ ಅರಗುವುದಿಲ್ಲ. ಅದನ್ನು ಅಗಿದು ತಂದು, ಹುತ್ತದೊಳಗೆ ಅದರ ಮೇಲೆ ಶಿಲೀಂಧ್ರ ಬೆಳೆಸುತ್ತವೆ. ಶಿಲೀಂಧ್ರ ಕೊಳೆಸಿ ಹದ ಮಾಡಿದ್ದನ್ನು ತಿನ್ನುತ್ತವೆ. ಒಳಗಿನ ಗಾಳಿ, ತೇವ, ಸೆಖೆ ಎಲ್ಲವನ್ನೂ ಆ ಬೆಳೆಗೆ ಒಗ್ಗುವ ಹಾಗೆ ಇಟ್ಟುಕೊಳ್ಳುತ್ತವೆ. ನಮ್ಮ ಹುತ್ತದ ಅಣಬೆಯೂ ಅದೇ ಕುಲದ್ದು, ಹೆಸರು ಟರ್ಮಿಟೊಮೈಸಿಸ್. ಗೆದ್ದಲು ಈ ಬೇಸಾಯ ಶುರು ಮಾಡಿ ಸುಮಾರು 3 ಕೋಟಿ ವರ್ಷ ಆಯಿತಂತೆ!

ಆ ವರ್ಷದ ಮುಂಗಾರಿನಲ್ಲಿ ಒಂದು ಅಣಬೆಯನ್ನು ಕೀಳದೆ, ಅದರ ಬುಡದ ಮಣ್ಣನ್ನು ಬೆರಳಲ್ಲಿ ಬಿಡಿಸುತ್ತಾ ಹೋದೆ. ಹೆಬ್ಬೆರಳಿನಷ್ಟು ದಪ್ಪ ಇದ್ದ ಕಾಂಡ ತೆಳ್ಳಗಾಗುತ್ತಾ, ಬೇರಿನ ಹಾಗೆ ಕಪ್ಪಾಗುತ್ತಾ ಒಂದು ಮೊಳ ಕೆಳಗಿಳಿದಿತ್ತು. ಕೊನೆಯಲ್ಲಿ ಕಂದು ಬಣ್ಣದ ಒಂದು ಗೂಡು. ಒಣಗಿದ ಜೇನುತಟ್ಟಿಯ ಹಾಗೆ ತೂತುತೂತು, ಮುಟ್ಟಿದರೆ ಪುಡಿಯಾಗುವಷ್ಟು ಹಗುರ. ಅದರ ಮೇಲೆ ಸಾಸಿವೆಗಿಂತ ಸಣ್ಣ ಬಿಳಿ ಮುತ್ತುಗಳು. ಗೆದ್ದಲುಗಳು ನನ್ನ ಬೆರಳನ್ನು ಸುತ್ತಿ ಬಳಸಿ ತಮ್ಮ ಕೆಲಸಕ್ಕೆ ಹೋಗುತ್ತಿದ್ದವು. ಮಣ್ಣು ಮುಚ್ಚಿ ಮನೆಗೆ ಬಂದು, ಆ ಅಧ್ಯಾಯವನ್ನು ಮತ್ತೆ ಮೊದಲಿಂದ ಓದಿದೆ. ಈ ಸಲ ಡಿಕ್ಷನರಿ ಜಾಸ್ತಿ ಬೇಕಾಗಲಿಲ್ಲ.

ಇದೇ ಹುಮ್ಮಸ್ಸಿನಲ್ಲಿ ನಮ್ಮ ಅಡಿಕೆಯ ಕೊಳೆರೋಗದ ಬಗ್ಗೆಯೂ ಹುಡುಕಿದೆ. ಅದಕ್ಕೆ ಬೇರೆ ಕಡೆ ಓದಬೇಕಾಯಿತು. ಕೊಳೆ ತರುವ ಫೈಟೋಫ್ತೊರಾ ನಿಜವಾದ ಶಿಲೀಂಧ್ರವೇ ಅಲ್ಲ, ಕಂದು ಪಾಚಿಗಳ ನೆಂಟ. ಇಷ್ಟು ವರ್ಷ ಮೈಲುತುತ್ತ, ಸುಣ್ಣ ಕಲಸಿ ಹೊಡೆದಿದ್ದೇನೆ, ಇದು ಗೊತ್ತಿರಲಿಲ್ಲ.

ಒಂದು ಎಚ್ಚರಿಕೆ. ಮರಗಳು ಬೇರಿನ ಶಿಲೀಂಧ್ರದ ಮೂಲಕ ಮಾತಾಡುತ್ತವೆ, ತಾಯಿಮರ ಮಕ್ಕಳಿಗೆ ಊಟ ಕೊಡುತ್ತದೆ ಅನ್ನೋದನ್ನು ನೀವೂ ಕೇಳಿರಬಹುದು. ಸುಜಾನ್ ಸಿಮಾರ್ಡ್ ಅವರ ‘ಫೈಂಡಿಂಗ್ ದಿ ಮದರ್ ಟ್ರೀ’ (2021) ಇದರದ್ದೇ ಪುಸ್ತಕ. ಕೆನಡಾದ ಕಾಡಿನಲ್ಲಿ ಅವರು ಪಟ್ಟ ಕಷ್ಟ ಓದಿದರೆ ಗೌರವ ಬರುತ್ತದೆ. ಆದರೆ 2023ರಲ್ಲಿ ಇದೇ ಕ್ಷೇತ್ರದ ಮೂವರು ವಿಜ್ಞಾನಿಗಳು, ಜನರಲ್ಲಿ ಹಬ್ಬಿರುವಷ್ಟಕ್ಕೆಲ್ಲ ಕಾಡಿನಲ್ಲಿ ಗಟ್ಟಿ ಪುರಾವೆ ಇಲ್ಲ ಅಂತ ಬರೆದರು. ಓದಬೇಡಿ ಅನ್ನುವುದಿಲ್ಲ. ಶೆಲ್ಡ್ರೇಕ್ ಮೊದಲು ಓದಿ, ಆಮೇಲೆ ಇದು.

ಮತ್ತೆ, ಮಳೆಗಾಲದಲ್ಲಿ ಪುಸ್ತಕವನ್ನು ಗೋಡೆಗೆ ತಾಗಿಸಿ ಇಡಬೇಡಿ. ನನ್ನ ಪ್ರತಿಯ ರಟ್ಟಿಗೆ ಶ್ರಾವಣದೊಳಗೇ ಬೂಷ್ಟು ಹಿಡಿಯಿತು. ಈಗ ತಗಡಿನ ಟ್ರಂಕಿನಲ್ಲಿಡುತ್ತೇನೆ.

ಸೊರಬದಿಂದ, ಹೈಸ್ಕೂಲ್ ಟೀಚರ್:

ಅಣ್ಣ, ಮಗಳ ಜೊತೆ ಓದೋದಾದರೆ ಎಡ್ ಯಾಂಗ್ ಅವರ ‘ಆ್ಯನ್ ಇಮೆನ್ಸ್ ವರ್ಲ್ಡ್’ ತಗೊಳ್ಳಿ. 2022ರದ್ದು. ಒಂದೊಂದು ಪ್ರಾಣಿಗೂ ಈ ಲೋಕ ಹೇಗೆ ಕಾಣುತ್ತದೆ, ಕೇಳಿಸುತ್ತದೆ, ವಾಸನೆ ಬಡಿಯುತ್ತದೆ ಅನ್ನೋದೇ ಅದರ ವಿಷಯ. ದಪ್ಪ ನೋಡಿ ಹೆದರಬೇಡಿ, ಕೊನೆಯಲ್ಲಿ ಸಾಕಷ್ಟು ಪುಟ ಬರೀ ಟಿಪ್ಪಣಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಉಣುಗಿನ ಮಾತು. ಉಣುಗು ಅಂದರೆ ನಮಗೆ ಅದು ಕಚ್ಚಿ ಹರಡುವ ಮಂಗನ ಕಾಯಿಲೆ. 1957ರಲ್ಲಿ ಆ ರೋಗ ಮೊದಲು ಪತ್ತೆಯಾಗಿದ್ದು ನಮ್ಮದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಬೇಸಿಗೆ ಬಂತೆಂದರೆ ಕಾಡಿಗೆ ಹೋಗುವ ಮಕ್ಕಳಿಗೆ ಮೈಗೆ ಉಣುಗು ತಡೆಯುವ ಎಣ್ಣೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆ ಬೇರೆ ಇಡಿ ಅಂತ ಹೇಳುತ್ತಲೇ ಇರುತ್ತೇನೆ. ಉಣುಗನ್ನು ಶತ್ರು ಅಂತ ಬಿಟ್ಟು ಬೇರೆ ರೀತಿ ಯೋಚಿಸಿದ್ದೇ ಇಲ್ಲ. ಯಾಕೋಬ್ ಫಾನ್ ಉಕ್ಸ್‌ಕ್ಯುಲ್ ಎಂಬ ವಿಜ್ಞಾನಿ 1930ರ ದಶಕದಲ್ಲೇ ಉಣುಗಿನ ಲೋಕ ಎಂಥದ್ದು ಅಂತ ಯೋಚಿಸಿದ್ದರಂತೆ. ಉಣುಗಿಗೆ ಮರ, ಹೂವು, ಆಕಾಶ ಯಾವುದೂ ಲೆಕ್ಕಕ್ಕಿಲ್ಲ. ಮುಖ್ಯವಾದದ್ದು ಮೂರೇ: ಮೈಯ ಬಿಸಿ, ಕೂದಲು ತಾಗುವುದು, ಚರ್ಮದಿಂದ ಬರುವ ಬ್ಯುಟಿರಿಕ್ ಆಮ್ಲದ ವಾಸನೆ. ಕೆಟ್ಟ ಬೆಣ್ಣೆ ನಾರುತ್ತದಲ್ಲ, ಆ ವಾಸನೆ. ಇಷ್ಟನ್ನೇ ಕಾಯುತ್ತಾ ಎಲೆ ತುದಿಯಲ್ಲಿ ಕೂತಿರುತ್ತದೆ.

ಇದನ್ನು ಒಂಬತ್ತನೇ ಕ್ಲಾಸಿಗೆ ಕನ್ನಡದಲ್ಲಿ ಹೇಳಿದೆ. ಒಬ್ಬಳು ಎದ್ದು, ‘ಮಿಸ್, ಹಾಗಾದ್ರೆ ಎಣ್ಣೆ ಹಚ್ಚಿದ್ರೆ ನಾವು ಅದಕ್ಕೆ ಇಲ್ಲದ ಹಾಗೇ ಅಲ್ವಾ?’ ಅಂದಳು. ಎಣ್ಣೆ ಯಾಕೆ ಅಂತ ಆ ಕ್ಲಾಸಿಗೆ ನಾನು ಮತ್ತೆ ಹೇಳಬೇಕಾಗಿ ಬರಲಿಲ್ಲ.

ನಾಯಿಯ ಮೂಗಿನ ಭಾಗ ಮಗಳಿಗೆ ಖಂಡಿತ ಹಿಡಿಸುತ್ತದೆ. ಗುಳಿಮಂಡಲ ಹಾವು ಕಣ್ಣು, ಮೂಗಿನ ಹೊಳ್ಳೆಗಳ ನಡುವಿನ ಗುಳಿಯಿಂದ ಇಲಿಯ ಮೈಬಿಸಿಯನ್ನು ಹೇಗೆ ಹಿಡಿಯುತ್ತದೆ ಅನ್ನುವ ಭಾಗ ನೀವಿಬ್ಬರೂ ಸೇರಿ ಓದಿ.

ಕೈಯಲ್ಲಿ ಹಿಡಿದು ಹೊರಗೆ ಹೋಗುವಂಥ ಪುಸ್ತಕ ಬೇಕಿದ್ದರೆ ಕೆ.ವಿ. ಗುರುರಾಜ ಅವರ ಪಶ್ಚಿಮ ಘಟ್ಟದ ಕಪ್ಪೆಗಳ ಸಚಿತ್ರ ಕೈಪಿಡಿ ಇದೆ. 2012ರದ್ದು, ಇಂಗ್ಲಿಷಿನಲ್ಲಿ, ಆದರೆ ಚಿತ್ರವೇ ಮುಖ್ಯ. ಆಮೇಲೆ 2014ರಲ್ಲಿ ಅವರ ತಂಡವೇ ಜೋಗದ ಹತ್ತಿರದ ಕತ್ತಲೆಕಾನಿನ ಕುಂಬಾರ ಕಪ್ಪೆಯನ್ನು ಹೊಸ ಜಾತಿ ಅಂತ ತೋರಿಸಿಕೊಟ್ಟಿತು. ಗಂಡು ಕಪ್ಪೆ ಮುಂಗಾಲಿನಲ್ಲಿ ಕೆಸರು ತೆಗೆದು ಮೊಟ್ಟೆಗೆ ಮೆತ್ತುತ್ತದೆ. ಮಡಕೆ ಮಾಡಿದ ಹಾಗೆ. ಅದಕ್ಕೇ ಆ ಹೆಸರು. ಆಗುಂಬೆಯ ಕಾಳಿಂಗವೂ ಹಾಗೇ, 2024ರಲ್ಲಿ ಬೇರೆಯೇ ಜಾತಿ ಅಂತ ಗೊತ್ತಾಗಿ, ‘ಕಾಳಿಂಗ’ ಅನ್ನುವ ನಮ್ಮ ಮಾತೇ ಅದರ ವೈಜ್ಞಾನಿಕ ಹೆಸರಿಗೆ ಸೇರಿತು. ಇಂಥದ್ದನ್ನು ಮಕ್ಕಳಿಗೆ ಹೇಳಲೇಬೇಕು.

ಸಾಗರದಿಂದ:

ನನಗೆ ಎಪ್ಪತ್ತು ದಾಟಿದೆ. ನಾನು ಹೇಳುವುದು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರ ಆತ್ಮಕಥೆ. 2023ರಲ್ಲಿ ಬಂತು, ಕನ್ನಡದಲ್ಲೂ ಸಿಗುತ್ತದೆ. ಅವರ ಹೆಸರು ಕೇಳಿದರೆ ನಮ್ಮ ಕಡೆ ಇಂದಿಗೂ ಜಗಳ ಆಗುತ್ತದೆ, ಪಶ್ಚಿಮ ಘಟ್ಟದ ಸಂರಕ್ಷಣೆ ಬಗ್ಗೆ ಬಂದ 2011ರ ವರದಿಯಿಂದಾಗಿ. ವರದಿ ಒಪ್ಪುವವರು, ಒಪ್ಪದವರು ಇಬ್ಬರೂ ಬಿದಿರಿನ ಭಾಗ ಮಾತ್ರ ಓದಿ. 1970ರ ದಶಕದಲ್ಲಿ ಕರ್ನಾಟಕದ ಕಾಡಿನಲ್ಲಿ ಬಿದಿರು ಯಾಕೆ ಕಡಿಮೆಯಾಯಿತು ಅಂತ ಅವರು ಹುಡುಕಿದರು. ದನ ಮೇಯಿಸುವ ಹಳ್ಳಿಯವರಿಂದ ಅಂತ ಆಗ ಹೇಳುತ್ತಿದ್ದರು. ನಿಜವಾಗಿ ಆಗಿದ್ದೇ ಬೇರೆ. ಅರಣ್ಯ ಇಲಾಖೆಯವರು ಬಿದಿರು ಹಿಂಡಲಿನ ಬುಡದ ಮುಳ್ಳನ್ನು ಕತ್ತರಿಸಿ ‘ಚೊಕ್ಕ’ ಮಾಡಿಸುತ್ತಿದ್ದರು. ಮುಳ್ಳು ಹೋದ ಮೇಲೆ ಎಳೆ ಕಳಲೆ ಬಯಲಾಯಿತು, ದನ, ಕಾಡುಪ್ರಾಣಿ ಎಲ್ಲ ತಿಂದವು. ಊರಿನವರಿಗೆ ಇದು ಮೊದಲೇ ಗೊತ್ತಿತ್ತು. ಕಳಲೆ ಕೀಳಲು ಹೋಗಿ ಕೈ ಗೀರಿಸಿಕೊಂಡ ಯಾರಿಗೂ ಗೊತ್ತಿರುವ ಸಂಗತಿ ಅದು. ಓದುವಾಗ ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಕೂತೆ.

ಹೊಸದು ಕೇಳಿದ್ದೀರಿ, ಆದರೂ ಬಿಜಿಎಲ್ ಸ್ವಾಮಿಯವರ ‘ಹಸುರು ಹೊನ್ನು’ ಓದಿಲ್ಲದಿದ್ದರೆ ಅದನ್ನೇ ಮೊದಲು ಓದಿ. 1976ರದ್ದು. ಗಿಡ ನೋಡಲು ವಿದ್ಯಾರ್ಥಿಗಳನ್ನು ಘಟ್ಟಕ್ಕೆ ಕರೆದುಕೊಂಡು ಹೋದ ಕತೆ. ನಕ್ಕು ನಕ್ಕು ಗಿಡದ ಹೆಸರು ಕಲಿಯುತ್ತೀರಿ.

ಶಿವಮೊಗ್ಗದಿಂದ, ಲ್ಯಾಬ್ ಟೆಕ್ನೀಷಿಯನ್:

ನನ್ನದು ಕಾಡಲ್ಲ, ರಕ್ತ. ದಿನವೂ ಸ್ಲೈಡಿಗೆ ಬಣ್ಣ ಹಾಕಿ ಬಿಳಿ ರಕ್ತಕಣ ಎಣಿಸುತ್ತೇನೆ. ಸಿದ್ಧಾರ್ಥ ಮುಖರ್ಜಿ ಅವರ ‘ದಿ ಸಾಂಗ್ ಆಫ್ ದಿ ಸೆಲ್’ (2022) ಓದಿದ ಮೇಲೆ ಎಣಿಸುವ ಕೈ ಸ್ವಲ್ಪ ನಿಧಾನವಾಗಿದೆ. ಒಂದೊಂದನ್ನೂ ನೋಡುತ್ತೇನೆ. 2012ರಲ್ಲಿ ರಕ್ತದ ಕ್ಯಾನ್ಸರ್ ಇದ್ದ ಪುಟ್ಟ ಹುಡುಗಿಗೆ ಅವಳದ್ದೇ ಕಣಗಳನ್ನು ತೆಗೆದು, ಬದಲಾಯಿಸಿ, ಮರಳಿ ಕೊಟ್ಟು ಉಳಿಸಿಕೊಂಡ ಪ್ರಸಂಗ ರಾತ್ರಿ ಎರಡು ಗಂಟೆವರೆಗೆ ಓದಿಸಿತು. ಪುಸ್ತಕ ಉದ್ದವಾಯಿತು, ಎಂಟನೇ ಕ್ಲಾಸಿಗೆ ಭಾರ. ಆದರೆ ನಿಮ್ಮದು ಬಟ್ಟೆ ಅಂಗಡಿ ಅಂದಿರಲ್ಲ? ಲೇವನ್‌ಹುಕ್ ಅವರ ಭಾಗ ಬಿಡಬೇಡಿ. ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ. ನೂಲು ಪರೀಕ್ಷಿಸಲು ಮಸೂರ ಬಳಸುತ್ತಿದ್ದವರು, ತಾವೇ ಮಸೂರ ಉಜ್ಜಿ, 1670ರ ದಶಕದಲ್ಲಿ ಮಳೆನೀರಿನ ಹನಿಯಲ್ಲಿ ಓಡಾಡುವ ಜೀವಿಗಳನ್ನು ನೋಡಿದರು.

ಎರಡು ವಾರದ ಮೇಲೆ, ಹೊಸನಗರದಿಂದ:

ಎಲ್ಲರಿಗೂ ಧನ್ಯವಾದ. ಯಾಂಗ್ ಪುಸ್ತಕ, ಗಾಡ್ಗೀಳರದ್ದು ಎರಡೂ ತರಿಸಿದೆ. ರಾತ್ರಿ ಅಂಗಡಿ ಮುಚ್ಚಿ ಬಂದ ಮೇಲೆ ಮಗಳು ಇಂಗ್ಲಿಷ್ ಓದುತ್ತಾಳೆ, ನಾನು ಅರ್ಥ ಹುಡುಕುತ್ತೇನೆ. ದಿನಕ್ಕೆ ಎರಡು ಪುಟ ಆಗುತ್ತದೆ. ನಾಯಿಯ ಮೂಗಿನ ಹತ್ತಿರ ಬಂದಿದ್ದೇವೆ.

ಲೇವನ್‌ಹುಕ್ ವಿಷಯ ಓದಿದಾಗ ಒಂದು ನೆನಪಾಯಿತು. ನೂಲು ಎಣಿಸಲು ಅಪ್ಪನ ಹತ್ತಿರ ಮಡಚುವ ಭೂತಗನ್ನಡಿ ಇತ್ತು. ಗಲ್ಲಾಪೆಟ್ಟಿಗೆಯ ಕೆಳಗಿನ ಡ್ರಾಯರಿನಲ್ಲಿ ಸಿಕ್ಕಿತು. ಹಿತ್ತಾಳೆ ಕಪ್ಪಾಗಿದೆ, ಗಾಜು ಚೆನ್ನಾಗಿದೆ. ಮಗಳಿಗೆ ಕೊಟ್ಟೆ. ಹಿತ್ತಲಿನ ಅಡಿಕೆ ಮರಕ್ಕೆ ಹಿಡಿದ ಕಲ್ಲುಹೂವನ್ನು ನೋಡುತ್ತಾ ನಿಂತವಳು ಊಟಕ್ಕೆ ಕರೆದರೂ ಬರಲಿಲ್ಲ. ಶೆಲ್ಡ್ರೇಕ್ ಪುಸ್ತಕಕ್ಕೂ ಇವತ್ತು ಹೇಳಿದ್ದೇನೆ.