ಗಾಡಿಯನ್ನು ‘ಸ್ಟಾಕ್‌’ಗೆ ತರುವುದು: ಕನ್ನಡದಲ್ಲಿ ಏನಂತ ಬರೆಯೋಣ?

ಗೆಳೆಯರೇ,

ಒಂದು ಮಾತು ಬೇಕಾಗಿದೆ. ಸುಮ್ನೆ ಕುತೂಹಲಕ್ಕಲ್ಲ, ಕೆಲಸಕ್ಕೆ.

ನಮ್ಮ ಭಾವಮೈದುನ ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಹಳೇ ಸ್ಕೋಡಾ ಆಕ್ಟೇವಿಯಾ ತಗೊಂಡಿದ್ದಾರೆ. 1.8 ಲೀಟರ್ ಟರ್ಬೊ ಪೆಟ್ರೋಲ್ ಇಂಜಿನ್ (ಟರ್ಬೊ ಅಂದರೆ ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಚಕ್ರ). ಕಂಪನಿಯಿಂದ ಬಂದಾಗ 150 ಎಚ್‌ಪಿ. ಹಿಂದಿನ ಓನರ್‌ಗೆ ಅಷ್ಟು ಸಾಕಾಗಿಲ್ಲ. ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ರೀಮ್ಯಾಪ್ ಮಾಡಿಸಿದ್ದಾರೆ, ಅಂದರೆ ಅದರೊಳಗಿನ ಲೆಕ್ಕ ಬದಲಿಸಿದ್ದಾರೆ. ದಪ್ಪ ಎಕ್ಸಾಸ್ಟ್ ಹಾಕಿಸಿದ್ದಾರೆ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೀಳಿಸಿದ್ದಾರೆ. ಗೇರ್ ಬದಲಿಸಿದಾಗಲೆಲ್ಲ ‘ಪುಸ್’ ಅನ್ನುವ ಬ್ಲೋ-ಆಫ್ ವಾಲ್ವ್ ಬೇರೆ. ಈಗ ಅದನ್ನೆಲ್ಲ ಬಿಚ್ಚಿಸಿ ದಿನಾ ಆಫೀಸಿಗೆ ಓಡಿಸುವ ಗಾಡಿ ಮಾಡಿಕೊಳ್ಳಬೇಕು ಅಂತ ಇವರ ಆಸೆ. ವಿಲ್ಸನ್ ಗಾರ್ಡನ್ನಿನ ಒಂದು ಗ್ಯಾರೇಜಿನವರು ಒಪ್ಪಿದ್ದಾರೆ. ಅವರಿಗೆ ಕನ್ನಡ ಚೆನ್ನಾಗಿ ಓದಲು ಬರುತ್ತೆ, ಇಂಗ್ಲಿಷ್ ಅಷ್ಟಕ್ಕಷ್ಟೆ. ಕೆಲಸದ ಪಟ್ಟಿ ಕನ್ನಡದಲ್ಲೇ ಇರಲಿ, ಇಬ್ಬರೂ ಸೈನ್ ಹಾಕೋಣ ಅಂತಾಯಿತು. ಬರೆಯುವುದು ನನ್ನ ತಲೆಗೆ ಬಂತು. ಮೊದಲನೇ ಸಾಲಿನಲ್ಲೇ ಪೆನ್ನು ನಿಂತಿದೆ.

ಗಾಡಿ ಕಂಪನಿಯಿಂದ ಬಂದಾಗ ಇದ್ದ ಸ್ಥಿತಿಗೆ ಕಾರಿನ ಹುಚ್ಚಿರುವ ಹುಡುಗರು ‘ಸ್ಟಾಕ್’ ಅಂತಾರೆ. ಗಾಡಿ ಸ್ಟಾಕ್‌ನಲ್ಲಿದೆ, ಸ್ಟಾಕ್‌ಗೆ ತರಬೇಕು, ಹೀಗೆ. ಆದರೆ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗೆ ಹೋಗಿ ‘ಸ್ಟಾಕ್ ವಾಲ್ವ್ ಇದೆಯಾ’ ಅಂತ ಕೇಳಿ ನೋಡಿ. ‘ವಾಲ್ವ್ ಸ್ಟಾಕ್ ಇಲ್ಲ ಸಾರ್’ ಅಂತ ಉತ್ತರ ಬರುತ್ತೆ. ನಮ್ಮ ಬಾಯಲ್ಲಿ ಸ್ಟಾಕ್ ಅಂದರೆ ಗೋಡೌನ್ ಲೆಕ್ಕ. ರೇಷನ್ ಅಂಗಡಿಯಿಂದ ಹಿಡಿದು ಮೆಡಿಕಲ್ ಶಾಪ್‌ವರೆಗೆ ಅದೇ ಅರ್ಥ. ಸೈನ್ ಹಾಕುವ ಕಾಗದದಲ್ಲಿ ಈ ಮಾತು ಬೇಡ ಅನಿಸಿತು.

ಗ್ಯಾರೇಜಿನವರ ಮಾತು ‘ಕಂಪನಿ’. ಕಂಪನಿ ಫಿಟ್ಟಿಂಗ್, ಕಂಪನಿ ಮಾಲು. ಇದಕ್ಕೆ ಎದುರು ಮಾತು ಲೋಕಲ್, ಡೂಪ್ಲಿಕೇಟ್. ಎಲ್ಲರಿಗೂ ತಿಳಿಯುವ, ಒಳ್ಳೇ ಗಟ್ಟಿ ಮಾತು. ಇದನ್ನೇ ಬರೆದು ಮುಗಿಸಬಹುದಿತ್ತು. ತೊಡಕು ಏನಪ್ಪಾ ಅಂದ್ರೆ, ಈ ಮಾತು ಪಾರ್ಟ್ ಎಲ್ಲಿಂದ ಬಂತು ಅಂತ ಹೇಳುತ್ತದೆಯೇ ಹೊರತು ಗಾಡಿ ಹೇಗಿದೆ ಅಂತ ಹೇಳುವುದಿಲ್ಲ.

ಈ ಗಾಡಿಯ ಟರ್ಬೊ ಕಂಪನಿಯದ್ದೇ, ಯಾರೂ ಬಿಚ್ಚಿಲ್ಲ. ಆದರೆ ಇಸಿಯು ಒಳಗಿನ ಲೆಕ್ಕ ಬದಲಾಗಿದೆ. ಜಾಸ್ತಿ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಕೊಡು ಅಂತ ಅದು ಹೇಳುತ್ತೆ, ಟರ್ಬೊ ಕೊಡುತ್ತೆ. ಅದೂ ಬೆಂಗಳೂರಿನಲ್ಲಿ. ನಮ್ಮೂರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಎತ್ತರದಲ್ಲಿದೆ, ಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು ಹತ್ತರಲ್ಲಿ ಒಂದು ಪಾಲು ಕಮ್ಮಿ. ಇಂಜಿನ್ನಿಗೆ ಅಷ್ಟೇ ಗಾಳಿ ಒದಗಿಸಲು ಟರ್ಬೊ ಇಲ್ಲಿ ಇನ್ನೂ ಜೋರಾಗಿ ತಿರುಗಬೇಕು. ಅದರ ಮೇಲೆ ರೀಮ್ಯಾಪ್. ಅಂದರೆ ಪಾರ್ಟ್ ‘ಕಂಪನಿ’, ಪಾಡು ಬೇರೆ.

‘ಪುಸ್’ ವಾಲ್ವ್ ಕಥೆ ಇನ್ನೂ ಸ್ವಾರಸ್ಯ. ಈ ಇಂಜಿನ್ನಿನಲ್ಲಿ ಒಳಗೆ ಹೋಗುವ ಗಾಳಿಯನ್ನು ಮ್ಯಾಫ್ ಸೆನ್ಸರ್ ಮೊದಲೇ ಅಳೆದಿರುತ್ತೆ. ಆಕ್ಸಲರೇಟರ್ ಬಿಟ್ಟಾಗ ಉಳಿದ ಗಾಳಿಯನ್ನು ಕಂಪನಿಯ ಡೈವರ್ಟರ್ ವಾಲ್ವ್ ವಾಪಸ್ ಟರ್ಬೊ ಬಾಯಿಗೇ ಬಿಡುತ್ತೆ, ಲೆಕ್ಕ ತಪ್ಪುವುದಿಲ್ಲ. ಶೋಕಿ ವಾಲ್ವ್ ಅದನ್ನು ಹೊರಗೆ ಊದಿಬಿಡುತ್ತೆ. ಅಳೆದ ಗಾಳಿ ಇಂಜಿನ್ ಮುಟ್ಟಲೇ ಇಲ್ಲ, ಪೆಟ್ರೋಲ್ ಮಾತ್ರ ಆ ಲೆಕ್ಕಕ್ಕೇ ಬಿತ್ತು. ಒಂದು ಕ್ಷಣ ಪೆಟ್ರೋಲ್ ಜಾಸ್ತಿಯಾಗಿ ಗಾಡಿ ಮುಗ್ಗರಿಸುತ್ತೆ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಇದು ಹೇಗಿರುತ್ತೆ ಅಂತ ನಾನು ಬೇರೆ ಹೇಳಬೇಕಿಲ್ಲ.

ಇದಕ್ಕೆ ತಿರುವುಮುರುವೂ ಆಗಬಹುದು. ಕಂಪನಿ ಡಬ್ಬಿಯಲ್ಲಿ ಬಾರದ, ಆದರೆ ಅದೇ ಅಳತೆಯ ಒಳ್ಳೇ ಟೈಮಿಂಗ್ ಬೆಲ್ಟ್ ಹಾಕಿದರೆ ಗಾಡಿಯ ಸ್ಥಿತಿ ಕೆಡುವುದಿಲ್ಲ. ಹಾಗಾಗಿ ನನಗೆ ಬೇಕಿರುವ ಮಾತು ಪಾರ್ಟಿನ ಜಾತಿ ಹೇಳುವುದಲ್ಲ. ಗಾಳಿ, ಪೆಟ್ರೋಲ್, ಸ್ಪಾರ್ಕ್, ಇಸಿಯು ಎಲ್ಲ ಒಂದಕ್ಕೊಂದು ತಾಳೆಯಾಗಿರುವ ಸ್ಥಿತಿಯನ್ನು ಹೇಳಬೇಕು. ಕಾನೂನು ಕೂಡ ಈ ತಾಳೆಯನ್ನೇ ಕೇಳುತ್ತೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಮೊದಲು ಕೊಟ್ಟ ವಿವರಕ್ಕೆ ತಾಳೆಯಾಗದ ಹಾಗೆ ಗಾಡಿ ಬದಲಿಸುವಂತಿಲ್ಲ. ಈ ಗಾಡಿಗೆ 15 ವರ್ಷ ದಾಟಿದೆ. 5 ವರ್ಷಕ್ಕೊಮ್ಮೆ ಆರ್‌ಟಿಒ ಮುಂದೆ ನಿಲ್ಲಿಸಿ ನೋಂದಣಿ ನವೀಕರಿಸಬೇಕು. ಪಟ್ಟಿ ಅಲ್ಲಿಗೂ ಉಪಯೋಗಕ್ಕೆ ಬಂದರೆ ಒಳ್ಳೆಯದೇ.

ಇನ್ನು ನಿಘಂಟಿನ ಕಡೆ ಬರೋಣ. ‘ಯಥಾಸ್ಥಿತಿ’ ಪೂರ್ತಿ ಉಲ್ಟಾ. ಕೋರ್ಟು ಯಥಾಸ್ಥಿತಿ ಕಾಪಾಡಿ ಅಂದರೆ ಈಗ ಹೇಗಿದೆಯೋ ಹಾಗೇ ಬಿಡಿ ಅಂತ. ‘ಜೀರ್ಣೋದ್ಧಾರ’ ದೇವಸ್ಥಾನಕ್ಕೆ ಸರಿ, ಬಾನೆಟ್ ಎತ್ತಿ ಕುಂಕುಮ ಇಟ್ಟ ಹಾಗಾಗುತ್ತೆ. ‘ಮೂಲಸ್ಥಿತಿ’ ಅರ್ಥಕ್ಕೆ ಹತ್ತಿರ, ಆದರೆ ಗ್ಯಾರೇಜಿನಲ್ಲಿ ಯಾರೂ ಆಡುವುದಿಲ್ಲ. ‘ಮೊದಲಿನಂತೆ ಮಾಡಿಕೊಡಿ’ ಅಂತ ಬರೆದರೆ ಯಾವ ಮೊದಲು? ನಮ್ಮವರ ಕೈಗೆ ಗಾಡಿ ಮೊದಲು ಬಂದಾಗಲೇ ಅದು ‘ಪುಸ್’ ಅನ್ನುತ್ತಿತ್ತು.

‘ಹೆಚ್ಚುಕಮ್ಮಿ’ ಸಮಸ್ಯೆ ಇನ್ನೊಂದು. ನಮಗೆ ಪೂರ್ತಿ ಹಳೇ ಸ್ಥಿತಿ ಬೇಡ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲ್ ಇರುತ್ತೆ. ಹಳೇ ಗಾಡಿಯ ರಬ್ಬರಿಗೆ ಅದು ಒಗ್ಗುವುದಿಲ್ಲ, ಪೆಟ್ರೋಲ್ ಹೋಸ್‌ಗಳನ್ನು ಎಥನಾಲ್ ತಡೆಯುವಂಥವೇ ಹಾಕಬೇಕು. ಹಿಂದಿನ ಓನರ್ ಹಾಕಿಸಿದ ಸಿಲಿಕೋನ್ ಬೂಸ್ಟ್ ಹೋಸ್ ಚೆನ್ನಾಗಿದೆ, ಇರಲಿ. ಬ್ರೇಕ್ ಪ್ಯಾಡೂ ಇರಲಿ. ಇದನ್ನು ‘ಹೆಚ್ಚುಕಮ್ಮಿ ಕಂಪನಿ ಸ್ಥಿತಿ’ ಅಂತ ಬರೆಯೋಣ ಅಂದರೆ, ಹೆಚ್ಚುಕಮ್ಮಿ ಆಗುವುದು ಅಂದರೆ ಎಡವಟ್ಟಾಗುವುದು ಅಂತಲೂ ಇದೆಯಲ್ಲ. ‘ಸುಮಾರು ಕಂಪನಿ ಸ್ಥಿತಿ’ ಅಂದರೆ ಗಾಡಿ ಸುಮಾರಾಗಿದೆ, ಅಂಥಾ ಚೆನ್ನಾಗೇನಿಲ್ಲ ಅನ್ನುವ ವಾಸನೆ. ‘ಬಹುಪಾಲು’ ಪರವಾಗಿಲ್ಲ, ಸ್ವಲ್ಪ ಸಪ್ಪೆ.

‘ರಿಲಯಬಲ್‌’ಗೆ ಮಾತ್ರ ನಮ್ಮಲ್ಲಿ ಸೊಗಸಾದ ಮಾತಿದೆ: ‘ಕೈಕೊಡದ ಗಾಡಿ’. ‘ವಿಶ್ವಾಸಾರ್ಹ ವಾಹನ’ ಅಂತ ಬರೆದಿದ್ದರೆ ಗ್ಯಾರೇಜಿನವರು ಲೋನ್ ಕಾಗದ ಅಂದುಕೊಂಡಾರು. ‘ನೆಚ್ಚಿಕೊಳ್ಳಬಹುದಾದ’ ಅಂತಲೂ ಬರೆಯಬಹುದು. ‘ನೆಚ್ಚಿನ’ ಈಗ ಇಷ್ಟದ ಅನ್ನುವ ಕಡೆ ಜಾರಿದೆ, ಆದರೂ ‘ಮಳೆ ನೆಚ್ಚಿಕೊಂಡ ರೈತ’ ಅನ್ನುವಾಗ ಹಳೇ ಅರ್ಥ ಜೀವಂತವಾಗಿದೆ. ನಾನು ‘ಕೈಕೊಡದ’ ಅಂತಲೇ ಬರೆದಿದ್ದೇನೆ.

ಮುಖ್ಯ ಪದಕ್ಕೆ ಮೊದಲು ‘ಕಂಪನಿ ಲೆಕ್ಕಕ್ಕೆ ತರುವುದು’ ಅಂತ ಬರೆದು ಗ್ಯಾರೇಜಿನವರಿಗೆ ತೋರಿಸಿದೆ. ‘ಬಿಲ್ ಕಂಪನಿಗಾ ಸಾರ್?’ ಅಂದರು. ನ್ಯಾಯವಾದ ಪ್ರಶ್ನೆಯೇ. ಆಮೇಲೆ ‘ಕಂಪನಿ ಹದಕ್ಕೆ ತರುವುದು’ ಅಂತ ಬರೆದೆ. ಮರುಮಾತಿಲ್ಲದೆ ತಲೆಯಾಡಿಸಿದರು. ಮಣ್ಣಿಗೆ ಹದ, ಪಾಕಕ್ಕೆ ಹದ, ಕತ್ತಿಗೆ ಹದ ಇರುವಾಗ ಇಂಜಿನ್ನಿಗೆ ಯಾಕಿರಬಾರದು? ಎಲ್ಲ ಒಂದಕ್ಕೊಂದು ಸರಿಹೊಂದಿ ಕೂತಿದೆ ಅನ್ನುವುದು ಈ ಮಾತಿನಲ್ಲೇ ಇದೆ. ಪಾರ್ಟ್ ಎಲ್ಲಿಯದು ಅನ್ನುವ ಜಗಳವೂ ಇಲ್ಲ. ನನ್ನ ಒಂದೇ ಅನುಮಾನ, ಹದ ಅನ್ನುವುದು ಕೈಗೆ, ಕಣ್ಣಿಗೆ ತಿಳಿಯುವ ಸಂಗತಿ. ಇಲ್ಲಿ ಕೆಲಸ ಮುಗಿದಿದೆಯೋ ಇಲ್ಲವೋ ಅಂತ ಹೇಳುವುದು ಸ್ಕ್ಯಾನರ್. ಬೂಸ್ಟ್ ಎಷ್ಟು, ಇಸಿಯು ಪೆಟ್ರೋಲನ್ನು ಎಷ್ಟು ಹೆಚ್ಚಿಸಿ ಇಳಿಸಿ ಸರಿದೂಗಿಸುತ್ತಿದೆ ಅಂತ ಅಂಕಿಯಲ್ಲಿ ತೋರಿಸುತ್ತೆ. ಅಂಕಿಗೆ ಸಿಗುವುದನ್ನು ಹದ ಅಂದರೆ ಕಿವಿಗೆ ಒಪ್ಪುತ್ತಾ?

ಹುಬ್ಬಳ್ಳಿ, ಶಿವಮೊಗ್ಗ, ಮಂಗಳೂರು ಕಡೆಯ ಗ್ಯಾರೇಜುಗಳಲ್ಲಿ ಇದಕ್ಕೆ ಏನಂತಾರೆ, ಕೇಳಿದವರು ತಿಳಿಸಿ. ಪಂಪ್‌ಸೆಟ್, ಟ್ರ್ಯಾಕ್ಟರ್, ಮಗ್ಗದ ಕೆಲಸದವರು ಯಂತ್ರಕ್ಕೆ ‘ಹದ’ ಅಂತ ಬಳಸುವುದನ್ನು ಯಾರಾದರೂ ಕೇಳಿದ್ದೀರಾ?

ಇನ್ನೊಂದು ಸಣ್ಣದು. ಪಟ್ಟಿಯ ನಾಲ್ಕನೇ ಸಾಲಿನಲ್ಲಿ ‘ಬೂಸ್ಟ್ ಇಳಿಸುವುದು’ ಅಂತಿದೆ. ಗ್ಯಾರೇಜಿನಲ್ಲಿ ಇಂಜಿನ್ ಇಳಿಸುವುದು, ಗೇರ್‌ಬಾಕ್ಸ್ ಇಳಿಸುವುದು ಅಂದರೆ ಗಾಡಿಯಿಂದ ಕೆಳಗೆ ಬಿಚ್ಚಿಡುವುದು. ಹೊಸ ಹುಡುಗನೊಬ್ಬ ಇದನ್ನು ಓದಿ ಟರ್ಬೊ ಬಿಚ್ಚಲು ಹೊರಟರೆ ಕಷ್ಟ. ‘ತಗ್ಗಿಸುವುದು’ ಅಂತ ಬದಲಿಸಲೇ, ಅಥವಾ ‘ಕಮ್ಮಿ ಮಾಡುವುದು’ ಸಾಕೇ?