ಆಸ್ಟ್ರೇಲಿಯಾದ ಡಾರ್ಲಿಂಗ್ ನದಿ ನೋಡ್ಲಿಕ್ಕೆ ಹೋದವರು ಯಾರಾದ್ರೂ ಉಂಟಾ?

ಬದಿಯಡ್ಕದವ:
ಅಕ್ಕ ಭಾವ ಸಿಡ್ನಿಯಲ್ಲಿದ್ದಾರೆ, ಜುಲೈಯಲ್ಲಿ ಅಪ್ಪ ಅಮ್ಮನನ್ನು ಕರ್ಕೊಂಡು ಹೋಗ್ತಾ ಇದ್ದೇನೆ. ಎಲ್ಲರೂ ಬೀಚ್ ಬೀಚ್ ಅಂತಾರೆ, ಸಮುದ್ರ ನಮಗೆ ಕುಂಬಳೆಯಲ್ಲೇ ಉಂಟಲ್ಲ, ನನಗೆ ಒಳನಾಡಿನ ಡಾರ್ಲಿಂಗ್ ನದಿ ನೋಡ್ಬೇಕು, ಬರ್ಕ್ ಅನ್ನುವ ಊರಿನ ಹತ್ರ. ಅಪ್ಪನಿಗೆ ಎಪ್ಪತ್ತು ದಾಟಿದೆ, ಬಾಡಿಗೆ ಕಾರಲ್ಲಿ ಹೋಗ್ಬಹುದಾ? ಆ ತಿಂಗಳು ನೀರು ಇರ್ತದಾ?

ಮಂಜೇಶ್ವರ ಟು ಡಬ್ಬೊ:
ಧಾರಾಳ ಹೋಗಿ ಮಾರಾಯ್ರೇ. ಸಿಡ್ನಿಯಿಂದ ಸುಮಾರು 800 ಕಿಮೀ, ಪೂರ್ತಿ ಡಾಂಬರು ರಸ್ತೆ, ಆದ್ರೆ ಒಂದೇ ದಿನ ಓಡಿಸ್ಬೇಡಿ, ಡಬ್ಬೊದಲ್ಲಿ ರಾತ್ರಿ ನಿಲ್ಲಿ. ಹೊತ್ತು ಕಂತುವ ಮೊದಲು ರೂಮು ಸೇರಿ, ಕತ್ತಲಾಗುವಾಗ ಕಾಂಗರೂ ಎಮು ಎಲ್ಲ ರಸ್ತೆಗೆ ಬರ್ತವೆ. ಬೇಸಿಗೆಯಲ್ಲಿ ಅಲ್ಲಿ 40 ಡಿಗ್ರಿ ದಾಟ್ತದೆ, ಜುಲೈ ಒಳ್ಳೇದು, ರಾತ್ರಿ ಮಾತ್ರ ಭಯಂಕರ ಚಳಿ. ಬರ್ಕಿನಲ್ಲಿ ಹಳೇ ಕಾಲದ ದಕ್ಕೆ ಇದ್ದ ಹಾಗೇ ಕಟ್ಟಿಟ್ಟಿದ್ದಾರೆ, ನೀರು ಏರಿದ್ರೂ ಇಳಿದ್ರೂ ಉಣ್ಣೆ ಮೂಟೆ ಹಡಗಿಗೆ ಹಾಕ್ಲಿಕ್ಕೆ ಆಗ್ಬೇಕಲ್ಲ, ಹಾಗಾಗಿ ಹಂತ ಹಂತ ಉಂಟು. ಮೇಲೆ ನಿಂತ್ರೆ ಹೊಳೆ ಎಷ್ಟೋ ಕೆಳಗೆ, ಮಣ್ಣಿನ ಬಣ್ಣದ ನೀರು, ದಡದಲ್ಲಿ ಬೇರು ಹೊರಗೆ ಬಿದ್ದ ರೆಡ್ ಗಮ್ ಮರಗಳು. ಹತ್ರವೇ 1883ರ ಸೇತುವೆ ಉಂಟು, ಹಡಗು ಬಂದಾಗ ನಡುವಿನ ಭಾಗ ಮೇಲೆ ಎತ್ತುತ್ತಿದ್ದದ್ದು.

ಅಕ್ಕಲಕೋಟಿ ಹುಡುಗ:
ನೀರಿಗೆ ತಿಂಗಳು ನೋಡಬ್ಯಾಡ್ರಿ ಸರ. ನಮ್ ಭೀಮಾ ಇದ್ಹಂಗ ಅದ ಅದು, ಸೊಲ್ಲಾಪುರದಾಗ ಹನಿ ಮಳಿ ಇರಂಗಿಲ್ಲ, ಮ್ಯಾಲ ಸಹ್ಯಾದ್ರಿಯಾಗ ಸುರದು ಉಜನಿ ಡ್ಯಾಮ್ ತುಂಬಿತಂದ್ರ ಇಲ್ಲಿ ಹೊಳಿ ದಂಡಿ ಮ್ಯಾಲ ಬರ್ತದ. ಬರ್ಕ್‌ನ್ಯಾಗ ವರ್ಷಕ್ಕ 350 ಮಿಮೀ ಆಸುಪಾಸು ಅಷ್ಟ ಮಳಿ, ನೀರು ಬಹಳಷ್ಟು ಕ್ವೀನ್ಸ್‌ಲ್ಯಾಂಡ್ ಕಡಿಂದ ವಾರಗಟ್ಲೆ ಹರದು ಬರ್ತದ, ಬರ ಬಿದ್ರ ಬರೇ ಮಡು ಉಳೀತಾವ. ವಾಟರ್ ಎನ್‌ಎಸ್‌ಡಬ್ಲ್ಯೂ ಅಂತ ಅಲ್ಲಿ ಸರಕಾರದ ನೀರಿನ ಸಂಸ್ಥಿ ಅದ, ಅದರ ಸೈಟ್‌ನ್ಯಾಗ ನದಿ ಮಟ್ಟ ಹಾಕಿರ್ತಾರ, ಹೊರಡೋಕಿಂತ ಮೊದಲ ನೋಡ್ರಿ. ಕೆಳಗ ಮೆನಿಂಡಿ ಹತ್ರ 2023ರ ಮಾರ್ಚ್‌ನ್ಯಾಗ ನೆರಿ ಇಳದ ಮ್ಯಾಲ ನೀರಾಗ ಆಕ್ಸಿಜನ್ ಕಮ್ಮಿ ಆಗಿ ಕೋಟಿಗಟ್ಲೆ ಮೀನ ಸತ್ತು ತೇಲಿದ್ವು, ಫೋಟೋ ನೋಡಿದ್ರ ಹೊಟ್ಟಿ ಉರೀತದ್ರಿ.

ಬದಿಯಡ್ಕದವ:
ಥ್ಯಾಂಕ್ಸ್ ಇಬ್ಬರಿಗೂ. ನೀರು ಕಡಿಮೆ ಇದ್ರೆ ಅಷ್ಟು ದೂರ ಹೋದದ್ದು ವೇಸ್ಟ್ ಆಗ್ಲಿಕ್ಕಿಲ್ವಾ?

ಮಂಜೇಶ್ವರ ಟು ಡಬ್ಬೊ:
ಇಲ್ಲಪ್ಪ, ಕಡಿಮೆ ಇದ್ರೆ ಇನ್ನೂ ಒಳ್ಳೇದು. ಪೂರ್ವಕ್ಕೆ ಸುಮಾರು 100 ಕಿಮೀ ದೂರ ಬ್ರೂವಾರಿನಾ ಉಂಟು, ಅಲ್ಲಿ ಇದೇ ನದಿಗೆ ಬಾರ್ವನ್ ಅಂತ ಹೆಸರು. ಮೂಲನಿವಾಸಿಗಳು ಹೊಳೆಯಲ್ಲೇ ಕಲ್ಲು ಜೋಡಿಸಿ ಮೀನು ಹಿಡೀಲಿಕ್ಕೆ ಕಟ್ಟೆ ಮಾಡಿದ್ದಾರೆ, ಬಹಳ ಪುರಾತನದ್ದು. ನೀರು ಜಾಸ್ತಿ ಇದ್ರೆ ಅದು ಮುಳುಗ್ತದೆ, ಇಳಿದಾಗಲೇ ಕಲ್ಲಿನ ಸಾಲು ಸರಿ ಕಾಣುದು, ಅಪ್ಪ ಅಮ್ಮನಿಗೆ ಖಂಡಿತ ತೋರಿಸಿ. ನದಿ ಬದಿಯ ಮಣ್ಣುರಸ್ತೆ ಮಾತ್ರ ಬೇಡ, ಮಳೆ ಬಂದ್ರೆ ಬಂದ್ ಮಾಡ್ತಾರೆ, ಬಾಡಿಗೆ ಕಾರಿನವರೂ ಸಾಮಾನ್ಯ ಒಪ್ಪುದಿಲ್ಲ.